ಕೆಂಪು ಕಾರಿನ ಮೆರವಣಿಗೆ

ಎದುರಿಗೆ ಬರುತ್ತಿದ್ದ ಹುಲ್ಲಿನ ಲಾರಿ ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ಚಾಲಕ ಕೆಳಗಿಳಿದು ಟೋಪಿ ತೆಗೆದ. ವೆಂಡೆಲ್ ಪ್ರೂಯಿಟ್‌ನ ಎದೆ ಉಬ್ಬಿತು. “ನೋಡಿದ್ಯಾ ಓಪಲ್, ಮರ್ಯಾದೆ ಅಂದ್ರೆ ಇದು” ಎಂದು ಹೆಂಡತಿಗೆ ಹೇಳಿದ. ಹೇಳುವಾಗಲೂ ಇಂಜಿನ್ ಎಷ್ಟು ತಿರುಗುತ್ತಿದೆ ಎಂದು ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ಕೀಳಲಿಲ್ಲ.

ಸ್ಪೋರ್ಟ್ಸ್ ಕಾರು ಮನೆಗೆ ಬಂದು ವಾರವಾಗಿತ್ತು. ಗಾಳಿಯಂತೆ ನುಗ್ಗಬೇಕಾದ ಆ ಕೆಂಪು ಕಾರನ್ನು ಅವನು ಬಾಣಂತಿಯನ್ನು ನಡೆಸುವ ಹಾಗೆ ನಡೆಸುತ್ತಿದ್ದ. ಮೊದಲ ಸಾವಿರ ಮೈಲಿ, ಹೊಸ ಇಂಜಿನ್ ಪಳಗುವ ತನಕ, ಜೋರಾಗಿ ತುಳಿಯಬಾರದು, ಒಂದೇ ವೇಗದಲ್ಲಿ ಹೋಗಬಾರದು, ಗಕ್ಕನೆ ಬ್ರೇಕ್ ಹಾಕಬಾರದು ಎಂದು ಕಾರಿನ ಕೈಪಿಡಿ ಹೇಳಿತ್ತು. ಅದು ಸಾಲದೆಂದು ವೆಂಡೆಲ್ ತನ್ನದೂ ಒಂದಿಷ್ಟು ಸೇರಿಸಿದ್ದ. ಹಗಲಲ್ಲೂ ದೀಪ ಉರಿಯಬೇಕು. ರೇಡಿಯೊ ಹಾಕಿದರೆ ಇಂಜಿನ್‌ಗೆ ಗಾಬರಿಯಾಗುತ್ತದೆ. ಏರು ಬಂದಾಗ ಓಪಲ್ ಮುಂದಕ್ಕೆ ಬಾಗಿ ಕೂರಬೇಕು.

ಶಾಲೆಯ ಹಳದಿ ಬಸ್ಸು ಓಡಿಸಿ ಓಡಿಸಿಯೇ ಮುದುಕನಾದ ಮನುಷ್ಯ ಅವನು. ಟೆನೆಸ್ಸಿಯ ಆ ಸಣ್ಣ ಊರಿನ ಕಾಫಿ ಹೋಟೆಲಿನಲ್ಲಿ ಹಳೆಯ ಗೆಳೆಯ ಕ್ಲೈಡ್ ಟ್ಯಾಕೆಟ್ ನಲವತ್ತು ವರ್ಷದಿಂದ ಒಂದೇ ಮಾತು ಆಡಿಕೊಂಡು ನಗುತ್ತಿದ್ದ: ವೆಂಡೆಲ್‌ಗೆ ಹಸಿರು ದೀಪ ಬಿದ್ದರೂ ಹೋಗಲೋ ಬೇಡವೋ ಎಂಬ ಯೋಚನೆ. ಆ ಒಂದು ಬಾಯಿ ಮುಚ್ಚಿಸಲಿಕ್ಕೆಂದೇ ಕಾರು ಕೊಂಡದ್ದು. ಈ ದಿನ ಕ್ಲೈಡ್‌ನ ಜೋಳದ ಹೊಲದ ಮುಂದೆಯೇ ಹಾದು ಅವನ ಹೊಟ್ಟೆ ಉರಿಸಬೇಕೆಂದು ವೆಂಡೆಲ್ ಬೆಳಗಿನಿಂದ ಕಾರು ಒರೆಸಿದ್ದ.

ಇನ್ನೊಂದು ಕಾರು ಪಕ್ಕಕ್ಕೆ ನಿಂತಿತು. ಒಬ್ಬ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಓಪಲ್‌ಗೆ ಯಾಕೋ ಸಂಶಯ ಬಂದು ಪಕ್ಕದ ಕನ್ನಡಿಯಲ್ಲಿ ನೋಡಿದಳು. ಬೆನ್ನಿಗೇ ಹೆಣ ಸಾಗಿಸುವ ಉದ್ದನೆಯ ಕಪ್ಪು ಗಾಡಿ! ತೊಳೆಸಲಿಕ್ಕೆಂದು ಪಕ್ಕದೂರಿಗೆ ಹೊರಟಿದ್ದ ಖಾಲಿ ಗಾಡಿ ಅದು. ಮುಂದೆ ಹೋಗಲು ಜಾಗವಿಲ್ಲದೆ ತೆವಳುತ್ತಿತ್ತು. ಅದರ ಹಿಂದೆ, ತಿರುವಿನಾಚೆಯವರೆಗೂ, ಶವಯಾತ್ರೆಯೆಂದುಕೊಂಡು ದೀಪ ಹಾಕಿಕೊಂಡ ಕಾರುಗಳು. ಆ ಕಡೆ ಶವಯಾತ್ರೆ ಎದುರಾದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಟೋಪಿ ತೆಗೆಯುವುದು ವಾಡಿಕೆ.

“ವೆಂಡೆಲ್, ಸ್ವಲ್ಪ ಹಿಂದೆ ನೋಡು.”

“ಹಿಂದೆ ನೋಡೋಕೆ ಪುರುಸೊತ್ತಿಲ್ಲ. ಮುಳ್ಳು ನೋಡ್ತಾ ಇದೀನಿ.”

ಓಪಲ್ ನಾಚಿಕೆಯಿಂದ ಹಣೆಗೆ ಕೈ ಒತ್ತಿ ಕೂತಳು. ಹೊಲದ ಬೇಲಿಯ ಬಳಿ ಕ್ಲೈಡ್ ಟ್ರಾಕ್ಟರ್ ನಿಲ್ಲಿಸಿ ಇಳಿದ. ಕೆಂಪು ಕಾರು ನೋಡಿದ, ಅದರ ಹಿಂದಿನದನ್ನೂ ನೋಡಿದ, ಟೋಪಿ ತೆಗೆದು ತಲೆ ಬಾಗಿಸಿದ. ಓರೆಗಣ್ಣಲ್ಲಿ ಇಷ್ಟನ್ನು ಕಂಡ ವೆಂಡೆಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು.

ಸಂಜೆ ಕ್ಲೈಡ್ ಮನೆಗೇ ಬಂದ. ಕೈಯಲ್ಲಿ ಫಾಯಿಲ್ ಮುಚ್ಚಿದ ಅಗಲವಾದ ಪಾತ್ರೆ, ಒಳಗೆ ಚೀಸ್ ಹಾಕಿ ಬೇಯಿಸಿದ ಆಲೂಗಡ್ಡೆ. ಸಾವಾದ ಮನೆಗೆ ಆ ಕಡೆಯವರು ಬರಿಗೈಯಲ್ಲಿ ಹೋಗುವುದಿಲ್ಲ. ವೆಂಡೆಲ್ ಪಕ್ಕದ ಗ್ಯಾರೇಜಿನಲ್ಲಿ ಬಟ್ಟೆ ಹಿಡಿದು, ಕಾರಿನ ಮೈ ಆರುವುದನ್ನು ಕಾಯುತ್ತಿದ್ದ. ಮೆಟ್ಟಿಲ ಬಳಿಯ ಮಾತೆಲ್ಲ ಅವನಿಗೆ ಕೇಳಿಸುತ್ತಿತ್ತು.

“ಓಪಲ್, ನೀನೇನೂ ಮಾತಾಡ್ಬೇಡ” ಎಂದ ಕ್ಲೈಡ್, ಪಾತ್ರೆಯನ್ನು ಅವಳ ಕೈಗಿಟ್ಟು, ಟೋಪಿ ತೆಗೆದು ಎದೆಗೊತ್ತಿಕೊಂಡು. “ನಾನೇ ಕಣ್ಣಾರೆ ನೋಡಿದೆ. ಮುಂದೆ ಅವನ ಕಾರು, ಹಿಂದೆ ಹೆಣದ ಗಾಡೀಲಿ ಅವನು. ಕಾರನ್ನ ಯಾರೋ ಪಾಪ ತಲೆ ತಗ್ಗಿಸ್ಕೊಂಡು ಓಡಿಸ್ತಿದ್ದ, ನೀನು ಹಣೆ ಹಿಡ್ಕೊಂಡು ಕೂತಿದ್ದೆ. ಕರುಳು ಕಿತ್ತು ಬಂತು.”

ಓಪಲ್‌ಗೆ ಉಕ್ಕಿ ಬಂದ ನಗು ತಡೆಯಲಾಗಲಿಲ್ಲ. ಪಾತ್ರೆಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಅಡುಗೆಮನೆಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುವುದನ್ನು ಕಂಡು ಕ್ಲೈಡ್‌ನ ಕಣ್ಣಲ್ಲೂ ನೀರು ಬಂತು. ಅವನು ಮೂಗೆಳೆಯುವ ಸದ್ದು ವೆಂಡೆಲ್‌ನ ಕಿವಿಗೆ ಹಿತವಾಗಿತ್ತು. ಇನ್ನೇನು ಹೊರಗೆ ಬಂದು, ಬದುಕಿದ್ದೇನಪ್ಪಾ ಎಂದು ಹಲ್ಲು ಕಿರಿಯಬೇಕೆಂದಿದ್ದ.

“ಅಂಥಾ ಕಾರು ತಗೊಂಡ” ಎಂದ ಕ್ಲೈಡ್. “ಒಂದೇ ಒಂದು ಸಲ ಗಟ್ಟಿಯಾಗಿ ತುಳಿದನಾ?”

“ಇಲ್ಲ” ಎಂದಳು ಓಪಲ್ ಟವೆಲ್ಲಿನೊಳಗಿಂದ. ಅದಂತೂ ಸುಳ್ಳಲ್ಲ.

“ಹಾಗೇ ಹೋದ ನೋಡು.”

ವೆಂಡೆಲ್ ಬಾಗಿಲ ಬಳಿಯೇ ನಿಂತುಬಿಟ್ಟ. ಅವನಿಗೆ ನಿಜವಾಗಿಯೂ ಭಯವಾಯಿತು. ವಯಸ್ಸು ಎಪ್ಪತ್ತು ದಾಟಿತ್ತು, ಸಾವಿರ ಮೈಲಿಯಲ್ಲಿ ಅರ್ಧವೂ ಮುಗಿದಿರಲಿಲ್ಲ, ಎದೆಯಲ್ಲಿ ಆಗಾಗ ಚುಳುಕ್ ಎನ್ನುತ್ತಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ, ಸೀಟಿನ ಮೇಲಿದ್ದ ಕೈಪಿಡಿಯನ್ನು ನೋಡಿದ. ಎರಡನ್ನೂ ಸುತ್ತಿ ಮೂಲೆಗೆ ಎಸೆದು ಕಾರು ಹತ್ತಿದ.

ಗ್ಯಾರೇಜಿನ ತಗಡು ನಡುಗಿತು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಕೆಂಪು ಕಾರು ಮೆಟ್ಟಿಲ ಮುಂದಿನಿಂದ ಜಲ್ಲಿ ಸಿಡಿಸುತ್ತಾ ನುಗ್ಗಿತು. ಕ್ಲೈಡ್ ಎದೆಗೆ ಒತ್ತಿ ಹಿಡಿದಿದ್ದ ಟೋಪಿ ಗಾಳಿಗೆ ಕಿತ್ತುಕೊಂಡು ಪಕ್ಕದ ಮನೆಯ ಬೇಲಿಗೆ ಹೋಗಿ ಸಿಕ್ಕಿತು. ದಿಣ್ಣೆಯಾಚೆ ಮರೆಯಾಗುವ ಮುಂಚೆ ಕಿಟಕಿಯಿಂದ ವೆಂಡೆಲ್‌ನ ಬಿಳಿತಲೆ ಹೊರಬಂತು. ಒಂದು ಕೈ ಟಾಟಾ ಮಾಡಿತು.

ಕ್ಲೈಡ್ ದಿಣ್ಣೆಯ ಕಡೆ ನೋಡಿದ, ಬೇಲಿಗೆ ಸಿಕ್ಕಿದ್ದ ಟೋಪಿಯನ್ನೂ ನೋಡಿದ. ಆಮೇಲೆ ಓಪಲ್‌ನ ಕೈಯಿಂದ ಆಲೂಗಡ್ಡೆಯ ಪಾತ್ರೆಯನ್ನು ಮೆಲ್ಲಗೆ ವಾಪಸು ತೆಗೆದುಕೊಂಡ.

“ಅಲ್ಲಾ ಓಪಲ್, ಬದುಕಿದ್ದಾಗಕ್ಕಿಂತ ಸತ್ತ ಮೇಲೇ ಚೆನ್ನಾಗಿ ಓಡಿಸ್ತಾನಲ್ಲ.”