ಎರಡು ನಿಮ್ಮಿಷ್ಟ

ವಿಡಿಯೊ ಕ್ಯಾಸೆಟ್ಟು ಮತ್ತೆ ಹಿಂದಕ್ಕೆ ಓಡಿತು. ಅದೇ ಜಾಗಕ್ಕೆ, ಮೂರನೆಯ ಸಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪವಿತ್ರಳ ಅನುಮಾನ ಗಟ್ಟಿಯಾಯಿತು. ಮಾವನಿಗೆ ಕಿವಿ ಮಂದ.

ಭಾನುವಾರ ತಿಂಡಿಯಾದ ಮೇಲೆ ರಾಚಯ್ಯನವರಿಗೆ ಆ ಕಂತು ಬೇಕೇ ಬೇಕು. ಮೂವತ್ತು ವರ್ಷದ ಹಿಂದೆ ಮೈಸೂರಿನಲ್ಲಿ, ಜನರನ್ನು ಮುಂದೆ ಕೂರಿಸಿಕೊಂಡೇ ಚಿತ್ರಿಸಿದ ನಗೆ ಧಾರಾವಾಹಿಯದು. ಗುಮಾಸ್ತನೊಬ್ಬ ಮೊದಲ ಸಲ ಹುಡುಗಿಯೊಬ್ಬಳನ್ನು ಹೋಟೆಲಿಗೆ ಕರೆತಂದಿದ್ದಾನೆ. ಮೈಮೇಲೆ ಗೆಳೆಯನ ಅಂಗಿ, ಹಣೆಯಲ್ಲಿ ಬೆವರು. ಏನು ತಿನ್ನೋಣ ಎಂದು ಅವಳು ಕೇಳಿದರೆ "ನಿಮ್ಮಿಷ್ಟ" ಎನ್ನುತ್ತಾನೆ. ಅವನು ಕೇಳಿದರೆ ಅವಳೂ "ನಿಮ್ಮಿಷ್ಟ." ಕಾದು ಸುಸ್ತಾದ ಮಾಣಿ ಒಳಕ್ಕೆ ತಿರುಗಿ ಕೂಗುತ್ತಾನೆ: "ಎರಡು ನಿಮ್ಮಿಷ್ಟ!"

ಸಭೆ ಗೊಳ್ಳೆನ್ನುತ್ತದೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ, ಈಗ ತಾನೇ ಅರ್ಥವಾಯಿತೆಂಬಂತೆ ಒಬ್ಬ ಹೆಂಗಸು ಒಬ್ಬಳೇ ನಗುತ್ತಾಳೆ. ಗುಮಾಸ್ತನ ಮುಂದಿನ ಎರಡು ಮಾತು ಅವಳ ನಗುವಿಗೇ ಬಲಿ.

ರಾಚಯ್ಯ ಮಾತ್ರ ನಗುವುದಿಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ವಾಲ್ಯೂಮ್ ಏರಿಸುತ್ತಾರೆ. ಮತ್ತೆ ಹಿಂದಕ್ಕೆ ಓಡಿಸುತ್ತಾರೆ. ಆ ಎರಡು ಮಾತಿಗಾಗಿ ಮುದಿಜೀವ ಎಷ್ಟು ಒದ್ದಾಡುತ್ತಿದೆ ಎಂದು ಪವಿತ್ರಳಿಗೆ ಕರುಳು ಚುರುಕ್ಕೆಂದಿತು.

ಹೆಮ್ಮಿಗೆಯಿಂದ ನಂಜನಗೂಡಿನ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ. ಕಲ್ಲಾದರೂ ಕರಗೀತು, ಮಾವನ ತುಟಿ ಅರಳಿದ್ದನ್ನು ಅವಳು ಕಂಡಿಲ್ಲ. ಅತ್ತೆ ರುದ್ರಮ್ಮ ತೀರಿಕೊಂಡಾಗ ಪವಿತ್ರಳ ಗಂಡ ಗುರುಪ್ರಸಾದ್ ಎರಡು ವರ್ಷದ ಕೂಸು. ಅವನಿಗೂ ತಾಯಿಯೆಂದರೆ ಗೋಡೆಯ ಪಟವಷ್ಟೇ. ರಾಚಯ್ಯನವರೋ ಪಕ್ಕದ ತಾಂಡ್ಯದ ಕಾರ್ಖಾನೆಯಲ್ಲಿ ದುಡಿದು, ಮರುಮದುವೆಯ ಮಾತೆತ್ತಿದವರನ್ನು ಬಾಗಿಲಿನಿಂದಲೇ ಕಳಿಸಿ, ಮಗನನ್ನು ಒಬ್ಬರೇ ಸಾಕಿದ ಮನುಷ್ಯ. ಅವರನ್ನು ಒಂದು ಸಲವಾದರೂ ನಗಿಸಬೇಕೆಂಬುದು ಅವಳ ಹಟ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಪೆನ್‌ಡ್ರೈವಿಗೆ ಹಾಕಿಸುತ್ತೇನೆಂದು ಅವಳೇ ಕೇಳಿ ಪಡೆದಳು.

"ಜ್ವಾಪಾನ ಕಣವ್ವ," ಎಂದರು ರಾಚಯ್ಯ. "ಇರೋದು ಇದೊಂದೇಯ."

ಅವಳು ಕ್ಯಾಸೆಟ್ಟು ಕೊಟ್ಟಿದ್ದ ಸ್ಟುಡಿಯೊದ ಶಿವರಾಜು ಎರಡು ದಿನ ಬಿಟ್ಟು ಕರೆದ. "ಒಂದೇ ಸಲ ಓಡ್ತು ಅಕ್ಕ, ಅಷ್ಟರಲ್ಲಿ ಕಾಪಿ ಮಾಡ್ಕಂಡೆ. ಈಗ ಟೇಪು ಪುಡಿಪುಡಿ. ಬೇಕಾದ್ರೆ ಕಂಪ್ಯೂಟರ್‌ನಲ್ಲಿ ಆ ನಗೋರ ಗದ್ಲ ತಗ್ದಾಕ್ಬೋದು. ಮಾತು ಮಾತ್ರ ಉಳೀತದೆ."

"ತೆಗೀರಿ. ಅದ್ರಲ್ಲೂ ಕೊನೇಲಿ ಒಬ್ಳು ನಗ್ತಾಳಲ್ಲ, ಅದು ಒಂಚೂರೂ ಇರಬಾರ್ದು."

"ಗದ್ಲ ಇರೋ ಕಾಪೀನೂ ಒಂದು ಮಡಗಿರ್ಲಾ?"

"ಅದ್ಯಾಕೆ? ಅಳಿಸ್ಬಿಡಿ."

ಭಾನುವಾರ ಅವಳು ಕೇಸರಿಬಾತು ಮಾಡಿದಳು. ಮಾವ ಎಂದಿನಂತೆ ಕಣ್ಣು ಮುಚ್ಚಿ ಕೂತರು. "ಎರಡು ನಿಮ್ಮಿಷ್ಟ!" ಎಂದು ಮಾಣಿ ಕೂಗಿದ. ಗುಮಾಸ್ತನ ಮುಂದಿನ ಮಾತು ಅಡುಗೆಮನೆಯವರೆಗೂ ಸ್ಪಷ್ಟವಾಗಿ ಕೇಳಿಸಿತು.

ರಾಚಯ್ಯ ಕಣ್ಣು ಬಿಟ್ಟರು. ಹಿಂದಕ್ಕೆ ಓಡಿಸಿದರು. ವಾಲ್ಯೂಮ್ ತುದಿ ಮುಟ್ಟಿಸಿದರು. ಮತ್ತೆ ಓಡಿಸಿದರು.

"ಈಗ ಚೆನ್ನಾಗಿ ಕೇಳಿಸ್ತದಲ್ವಾ ಮಾವ?" ಪವಿತ್ರಳ ಮುಖ ಅರಳಿತ್ತು. "ಆ ಗದ್ದಲ ಪೂರ್ತಿ ತೆಗೆಸ್ಬಿಟ್ಟೆ. ಹಳೇದನ್ನ ಅಳಿಸಿದ್ದೂ ಆಯ್ತು."

ಅವರು ಬೈಯಲಿಲ್ಲ. ಟಿ.ವಿ. ಆರಿಸಿ ರಿಮೋಟನ್ನು ಮೆಲ್ಲಗೆ ಅವಳ ಕೈಗಿಟ್ಟರು.

"ಕೊನೇಲಿ ನಗ್ತಿದ್ದೋಳು ನಿಮ್ಮತ್ತೆ ಕಣವ್ವ."