ಟಿಕ್ಕಿನ ಬಾಲಕ್ಕೊಂದು ಚುಕ್ಕೆ

ಹುಡುಗಿ ಬಿಲ್ಲನ್ನು ನೋಡಿ ಪಟ್ಟಿಯಲ್ಲಿ ಟಿಕ್ ಹಾಕಿ, ಅದರ ಬಾಲಕ್ಕೊಂದು ಚುಕ್ಕೆ ಇಟ್ಟಳು. ಎದುರು ಕೂತು ಪರೀಕ್ಷಿಸುತ್ತಿದ್ದ ಆಡಿಟರು ಕನ್ನಡಕ ತೆಗೆದರು. ಇಂಟರ್ನ್‌ಶಿಪ್ ಕೈತಪ್ಪಿತೆಂದೇ ಅವಳು ಅಂದುಕೊಂಡಳು.

“ಚುಕ್ಕೆ ಯಾಕಮ್ಮಾ?”

“ಬಿಲ್ ಕಣ್ಣಾರೆ ನೋಡಿದೀನಿ ಅಂತ ಗುರುತು, ಸರ್. ಅಭ್ಯಾಸ.”

ಅವರು ಡ್ರಾಯರಿನ ತಳದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದರು. ಮಾಸಿದ ಹಸಿರು ಟಿಕ್ಕುಗಳು, ಪ್ರತಿಯೊಂದರ ಬಾಲಕ್ಕೂ ಚುಕ್ಕೆ. ಅರ್ಧ ಪುಟಕ್ಕೆ ಸಾಲು ನಿಂತುಹೋಗಿತ್ತು.

“ನನ್ನ ಜೊತೆ ಇಲ್ಲೇ ಕೆಲಸ ಕಲೀತಿದ್ದವಳು. ಗಟ್ಟಿಗಿತ್ತಿ. ಮದುವೆ ಮುಗಿಸ್ಕೊಂಡು ಬಂದು ಉಳಿದಿದ್ದು ನೋಡ್ತೀನಿ ಅಂತ ಎದ್ದು ಹೋದಳು. ಕೆಲಸವನ್ನೇನೋ ಬೇರೆ ಹಾಳೇಲಿ ನಾವೇ ಮುಗಿಸಿದ್ವಿ. ಇದನ್ನ ಮಾತ್ರ ಹೀಗೇ ಇಟ್ಟಿದೀನಿ.” ಅವರು ಹಾಳೆಯನ್ನು ಅವಳತ್ತ ತಿರುಗಿಸಿದರು. “ನಿನಗೆ ಯಾರು ಹೇಳಿಕೊಟ್ಟರು?”

ಬೆಳಿಗ್ಗೆ ಅಮ್ಮ ಆರು ಅರ್ಜಿಗಳಲ್ಲಿ ಈ ಆಫೀಸಿನದನ್ನೇ ಮೇಲಿಟ್ಟು, “ಮೊದಲು ಇಲ್ಲಿಗೆ ಹೋಗು” ಎಂದಿದ್ದಳು. ಯಾಕೆ ಎಂದು ಕೇಳಿದರೆ ಬಸ್ಸಿನ ಚಿಲ್ಲರೆ ಎಣಿಸಿ ಕೈಗಿಟ್ಟಿದ್ದಳು.

“ಅಮ್ಮ, ಸರ್. ಮನೆ ಸಾಮಾನಿನ ಚೀಟಿಗೆ ಹೀಗೇ ಟಿಕ್ ಹಾಕ್ತಾಳೆ.”

ಆಡಿಟರು ಹಾಳೆಯ ಖಾಲಿ ಅರ್ಧವನ್ನು ಅಂಗೈಯಿಂದ ಮೆಲ್ಲನೆ ಸವರಿದರು.

“ಈಗಲೂ ಚುಕ್ಕೆ ಇಡ್ತಾಳಾ?”

“ಒಂದನ್ನೂ ಬಿಡಲ್ಲ, ಸರ್.”