ಪೆನ್ಸಿಲ್ ಗುರುತಿಲ್ಲದ ಪುಟ

ಮಗಳ ಪೆನ್ಸಿಲ್ ಅಳಿಸುವ ರಬ್ಬರಿನ ವಾಸನೆ ಬಂದಾಗಲೆಲ್ಲ ನನಗೆ ಖಡಕಿಯ ಶಾಲೆಯ ಒಂಬತ್ತನೇ ತರಗತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹಳೆಯ ಕನ್ನಡ ಕಾದಂಬರಿಯನ್ನು ಒಬ್ಬೊಬ್ಬರು ಒಂದೊಂದು ಪುಟ ಓದಬೇಕಿತ್ತು. ಮರಾಠಿ ಶಾಲೆಯಿಂದ ಬಂದು ಕನ್ನಡ ಓದಲು ತಡವರಿಸುತ್ತಿದ್ದ ನಾನು, ನನ್ನ ಸರದಿಯ ಪುಟವನ್ನು ಮೊದಲೇ ಎಣಿಸಿ, ಅವ್ವನಿಂದ ಓದಿಸಿ, ಸಾಲುಗಳ ನಡುವೆ ಪೆನ್ಸಿಲಿನಿಂದ ಮರಾಠಿ ಅಕ್ಷರಗಳಲ್ಲಿ ಬರೆದುಕೊಂಡಿದ್ದೆ. ಸರಾಗವಾಗಿ ಓದಿ ಮುಗಿಸಿದೆ.

"ಚಲೋ ಓದಿದಿ. ಮುಂದಿನ ಪುಟಾನೂ ನೀನ ಓದು," ಎಂದರು ಟೀಚರ್.

ಅಲ್ಲಿ ಪೆನ್ಸಿಲ್ ಗುರುತೇ ಇರಲಿಲ್ಲ. ಕಾದಂಬರಿಯಲ್ಲಿ ಮನೆ ಬಿಟ್ಟುಹೋಗಿದ್ದ ಮಗಳು ಬಂದು ಬಾಗಿಲು ತಟ್ಟುತ್ತಿದ್ದಳು. ಒಳಗೆ ಅಪ್ಪ ಕೂತಿದ್ದ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸತೊಡಗಿದೆ. ಹಿಂದಿನ ಬೆಂಚಿನ ಹುಡುಗ ನಕ್ಕ.

"ಎಲ್ಲಾರೂ ಪುಸ್ತಕಾ ಮುಚ್ಚರಿ," ಎಂದರು ಟೀಚರ್. "ಅಪ್ಪ ಬಾಗಲಾ ತಗೀತಾನೋ ಇಲ್ಲೋ, ಇನ್ನ ಈಕೀನ ಓದಿ ಹೇಳಬೇಕು."

"ಅ... ಪ್ಪ... ಎ... ದ್ದ..."

ಆಗ ನಕ್ಕಿದ್ದ ಹುಡುಗನೇ ಬೆನ್ನ ಹಿಂದೆ ಪಿಸುಗುಟ್ಟಿದ: "ಮುಂದ? ಲಗೂ ಓದ!"